ಮಾತ್ರೆ ಮತ್ತು ಮೂತ್ರಪಿಂಡ: ಭಯ ಯಾವುದಕ್ಕೆ, ಅಭಯ ಯಾವುದಕ್ಕೆ?

ಬೆಳಗಿನ ತಿಂಡಿಯ ಹೊತ್ತು. ತಂದೆ ರಕ್ತದೊತ್ತಡದ ಮಾತ್ರೆಯನ್ನು ಕೈಗೆ ತೆಗೆದುಕೊಂಡು, ಒಂದು ಕ್ಷಣ ನೋಡಿ, ಮತ್ತೆ ಡಬ್ಬಿಯೊಳಗೇ ಇಡುತ್ತಾರೆ. "ಇವತ್ತು ಬೇಡ ಬಿಡು. ದಿನಾ ನುಂಗಿದರೆ ಕಿಡ್ನಿ ಹೋಗುತ್ತದಂತೆ. ಆಫೀಸಿನಲ್ಲಿ ಎಲ್ಲರೂ ಅದನ್ನೇ ಹೇಳುತ್ತಾರೆ." ತಾಯಿ ಹೌದೆಂಬಂತೆ ತಲೆಯಾಡಿಸುತ್ತಾರೆ. ಅದೇ ತಾಯಿ ಕಾಫಿಯ ಜೊತೆಗೆ ಮಂಡಿನೋವಿನ ಮಾತ್ರೆಯೊಂದನ್ನು ನುಂಗುತ್ತಾರೆ. ಮೂರು ವರ್ಷದ ಹಿಂದೆ ವೈದ್ಯರು ಅದನ್ನು ಐದು ದಿನಕ್ಕೆಂದು ಬರೆದುಕೊಟ್ಟಿದ್ದರು. ಅಂದಿನಿಂದ ಮೂಲೆಯ ಔಷಧದ ಅಂಗಡಿಯಲ್ಲಿ ಖಾಲಿ ಪಟ್ಟಿ ತೋರಿಸಿದರೆ ಸಾಕು, ಹೊಸದು ಕೈಗೆ ಬರುತ್ತದೆ. ಪರೀಕ್ಷೆಗೆ ಓದುತ್ತಿರುವ ಪಿ.ಯು.ಸಿ. ಮಗಳು ತಲೆನೋವೆಂದು ಅದೇ ಪಟ್ಟಿಯಿಂದ ಒಂದು ಮಾತ್ರೆ ತೆಗೆದುಕೊಳ್ಳುತ್ತಾಳೆ. ಇದರ ಬಗ್ಗೆ ಮಾತ್ರ ಯಾರಿಗೂ ಭಯವಿಲ್ಲ.

ಇದು ಒಂದು ಮನೆಯ ಕತೆಯಲ್ಲ. ಊರೂರಿನಲ್ಲೂ ಕಾಣುವ ದೃಶ್ಯ. ದೀರ್ಘಕಾಲ ಔಷಧ ಸೇವಿಸಿದರೆ ಮೂತ್ರಪಿಂಡಕ್ಕೆ ಏಟು ಬೀಳುತ್ತದೆ ಎಂಬ ಆತಂಕ ಸುಳ್ಳಲ್ಲ. ಆದರೆ ಆತಂಕ ಪಡಬೇಕಾದ ಕಡೆ ಪಡದೆ, ಪಡಬಾರದ ಕಡೆ ಪಟ್ಟರೆ ಅದರಿಂದಲೇ ಅಪಾಯ. ಮೇಲಿನ ಮನೆಯಲ್ಲಿ ನಡೆದಿರುವುದು ಅದೇ. ಮೂತ್ರಪಿಂಡವನ್ನು ಕಾಯುವ ಮಾತ್ರೆ ಡಬ್ಬಿಗೆ ಹಿಂತಿರುಗಿತು. ಅದನ್ನು ಸವೆಸಬಲ್ಲ ಮಾತ್ರೆ ಹೊಟ್ಟೆ ಸೇರಿತು.

ದಿನಕ್ಕೆ 180 ಲೀಟರ್ ಸೋಸುವ ಜರಡಿ

ಬೆನ್ನಿನ ಎರಡು ಬದಿಯಲ್ಲಿ, ಪಕ್ಕೆಲುಬುಗಳ ಕೆಳಭಾಗದಲ್ಲಿ ಹುರುಳಿಕಾಯಿ ಬೀಜದ ಆಕಾರದ ಎರಡು ಮೂತ್ರಪಿಂಡಗಳಿವೆ. ಒಂದೊಂದರ ತೂಕ ಸುಮಾರು 150 ಗ್ರಾಂ. ಇಡೀ ದೇಹದ ತೂಕದಲ್ಲಿ ಇವೆರಡರ ಪಾಲು ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಆದರೆ ಹೃದಯ ಪ್ರತಿ ನಿಮಿಷ ಹೊರದೂಡುವ ರಕ್ತದಲ್ಲಿ ಸುಮಾರು ಐದನೆಯ ಒಂದು ಪಾಲು ಹರಿಯುವುದು ಇವುಗಳಿಗೇ. ಪ್ರತಿಯೊಂದು ಮೂತ್ರಪಿಂಡದಲ್ಲೂ ನೆಫ್ರಾನ್ ಎಂಬ ಸೂಕ್ಷ್ಮ ಸೋಸುಘಟಕಗಳು ಸುಮಾರು ಹತ್ತು ಲಕ್ಷ ಇವೆ. ಇವೆಲ್ಲ ಸೇರಿ ದಿನವೊಂದಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತವೆ. ಅದರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಭಾಗವನ್ನು ದೇಹಕ್ಕೆ ಹಿಂದಿರುಗಿಸಿ, ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಹೊರಹಾಕುತ್ತವೆ.

ಔಷಧಗಳಿಂದ ಮೂತ್ರಪಿಂಡಕ್ಕೆ ಬೇಗ ಪೆಟ್ಟಾಗುವುದಕ್ಕೆ ಕಾರಣ ಈ ಲೆಕ್ಕದಲ್ಲೇ ಇದೆ. ನುಂಗಿದ ಮಾತ್ರೆಯ ಅಂಶ ರಕ್ತದೊಂದಿಗೆ ಮತ್ತೆ ಮತ್ತೆ ಇಲ್ಲಿಗೆ ಬರುತ್ತದೆ. ನೀರು ಹಿಂದಕ್ಕೆ ಹೋದ ಮೇಲೆ ಉಳಿದ ದ್ರವದಲ್ಲಿ ಔಷಧದ ಸಾಂದ್ರತೆ ಹೆಚ್ಚುತ್ತದೆ. ಬೆಲ್ಲದ ಪಾಕ ಕುದಿದಷ್ಟೂ ಗಟ್ಟಿಯಾಗುವಂತೆ, ಮೂತ್ರಪಿಂಡದ ಒಳಭಾಗಕ್ಕೆ ಹೋದಷ್ಟೂ ಅದು ಗಟ್ಟಿಯಾಗುತ್ತದೆ. ಆ ಒಳಭಾಗಕ್ಕೆ ರಕ್ತದ ಪೂರೈಕೆಯೂ ಮೊದಲೇ ಕಡಿಮೆ.

ಇನ್ನೊಂದು ಗುಣ ಇದಕ್ಕಿಂತ ಮೋಸದ್ದು. ಸವೆಯುತ್ತಿರುವಾಗ ಮೂತ್ರಪಿಂಡ ನೋಯುವುದಿಲ್ಲ. ಒಂದಷ್ಟು ನೆಫ್ರಾನ್‌ಗಳು ಸತ್ತರೆ ಉಳಿದವು ಅವುಗಳ ಕೆಲಸವನ್ನೂ ಮಾಡುತ್ತವೆ. ಅರ್ಧ ಶಕ್ತಿ ಹೋದರೂ ಮನುಷ್ಯ ಓಡಾಡಿಕೊಂಡು, ಉಂಡುಟ್ಟು ಚೆನ್ನಾಗಿಯೇ ಇರುತ್ತಾನೆ. ಕಾಲಿನ ಊತ, ಹಸಿವಿಲ್ಲದಿರುವುದು, ವಾಕರಿಕೆ, ಸುಸ್ತು ಕಾಣಿಸಿಕೊಳ್ಳುವ ಹೊತ್ತಿಗೆ ಬಹಳಷ್ಟು ಕಳೆದುಹೋಗಿರುತ್ತದೆ.

ಹಸ್ಕ್ವರ್ನಾದ ಪುಡಿ ಪೊಟ್ಟಣ

ಮಾತ್ರೆ ಮೂತ್ರಪಿಂಡವನ್ನು ಕೆಡಿಸಬಲ್ಲದು ಎಂಬುದು ಜಗತ್ತಿಗೆ ಗೊತ್ತಾದ ಬಗೆಯೇ ಒಂದು ಪಾಠ. ದಕ್ಷಿಣ ಸ್ವೀಡನ್ನಿನಲ್ಲಿ ಹಸ್ಕ್ವರ್ನಾ ಎಂಬ ಪುಟ್ಟ ಕೈಗಾರಿಕಾ ಪಟ್ಟಣವಿದೆ. ಬಂದೂಕು ತಯಾರಿಕೆಯಿಂದ ಆರಂಭವಾಗಿ, ಹೊಲಿಗೆ ಯಂತ್ರ, ಮೋಟಾರ್ ಸೈಕಲ್ ತನಕ ಬೆಳೆದ ಕಾರ್ಖಾನೆ ಅಲ್ಲಿನದು. 1918ರ ಇನ್‌ಫ್ಲುಯೆಂಜಾ ಪಿಡುಗಿನ ಕಾಲದಲ್ಲಿ ಅಲ್ಲಿನ ವೈದ್ಯ ಯೋರ್ಟನ್ ಎಂಬಾತ ಜ್ವರ ಮತ್ತು ಮೈಕೈನೋವಿಗೆ ಒಂದು ಪುಡಿಯನ್ನು ಕೊಡುತ್ತಿದ್ದ. ಫಿನಾಸಿಟಿನ್, ಫಿನಜೋನ್ ಎಂಬ ಎರಡು ನೋವು ನಿವಾರಕಗಳು, ಜೊತೆಗೆ ಕೆಫೀನ್. ಕಾಫಿಯಲ್ಲಿರುವ ಅದೇ ಕೆಫೀನ್.

ಪಿಡುಗು ಹೋಯಿತು, ಪುಡಿ ಉಳಿಯಿತು. ಅದನ್ನು ಸೇವಿಸಿದರೆ ದಣಿವು ತಿಳಿಯುವುದಿಲ್ಲ, ಕೆಲಸ ಚುರುಕಾಗುತ್ತದೆ ಎಂಬ ಮಾತು ಕಾರ್ಖಾನೆಯಲ್ಲಿ ಹಬ್ಬಿತು. ಕಾರ್ಮಿಕರು ಬೆಳಿಗ್ಗೆಯೇ ಒಂದು ಪೊಟ್ಟಣ ಬಿಚ್ಚತೊಡಗಿದರು. ಪುಡಿಯ ಪೊಟ್ಟಣವನ್ನು ಹುಟ್ಟುಹಬ್ಬಕ್ಕೆ ಉಡುಗೊರೆಯಾಗಿ ಕೊಡುವಷ್ಟರ ಮಟ್ಟಿಗೆ ಅದು ಊರಿನ ಬದುಕಿನಲ್ಲಿ ಬೆರೆತುಹೋಯಿತು. ಯಾರೂ ಅದನ್ನು ಔಷಧವೆಂದೇ ಎಣಿಸಲಿಲ್ಲ.

ವಿದ್ಯಾರ್ಥಿಗಳು ಇಲ್ಲೊಂದು ಸಣ್ಣ ಲೆಕ್ಕ ಮಾಡಬಹುದು. ಒಂದು ಪೊಟ್ಟಣದಲ್ಲಿ ಅರ್ಧ ಗ್ರಾಂ ಫಿನಾಸಿಟಿನ್. ದಿನಕ್ಕೆ ಎರಡು ಪೊಟ್ಟಣವೆಂದರೆ ಒಂದು ಗ್ರಾಂ. ಸಾವಿರ ದಿನಕ್ಕೆ, ಅಂದರೆ ಮೂರು ವರ್ಷಕ್ಕೂ ಮೊದಲೇ, ಒಂದು ಕಿಲೋಗ್ರಾಂ. ಚಿಟಿಕೆ ಚಿಟಿಕೆಯಾಗಿ ಹೋದದ್ದು ಕಿಲೋ ಲೆಕ್ಕದಲ್ಲಿ ಮೂತ್ರಪಿಂಡದ ಮೂಲಕ ಹರಿದಿತ್ತು. ಈ ಬಗೆಯ ಕಾಯಿಲೆ ಬಂದವರಲ್ಲಿ ಹೆಚ್ಚಿನವರು ಹೀಗೆ ಕಿಲೋಗ್ರಾಂಗೂ ಮೀರಿ ನುಂಗಿದವರೇ ಆಗಿದ್ದರು.

1953ರಲ್ಲಿ ಸ್ಪೂಲರ್ ಮತ್ತು ಜೋಲಿಂಜರ್ ಎಂಬ ಸ್ವಿಟ್ಜರ್‌ಲೆಂಡಿನ ವೈದ್ಯರು ನೋವಿನ ಮಾತ್ರೆಗಳನ್ನು ಬಹುಕಾಲ ಸೇವಿಸಿದವರಲ್ಲಿ ಮೂತ್ರಪಿಂಡ ಒಂದು ವಿಶಿಷ್ಟ ರೀತಿಯಲ್ಲಿ ಹಾಳಾಗಿರುವುದನ್ನು ವರದಿ ಮಾಡಿದರು. ಹಸ್ಕ್ವರ್ನಾದ ಕಾರ್ಮಿಕರನ್ನು ಕುರಿತು ಗ್ರಿಮ್ಲುಂಡ್ ಎಂಬ ವೈದ್ಯನ ಅಧ್ಯಯನ 1963ರಲ್ಲಿ ಹೊರಬಂತು. ಪುಡಿಯ ಚಟವಿದ್ದವರು ಮೂತ್ರಪಿಂಡ ಸೋತು ಸತ್ತಿದ್ದರು. ಅದಕ್ಕೂ ಮುಂಚೆ, 1961ರಲ್ಲೇ ಸ್ವೀಡನ್ ಸರಕಾರ ಫಿನಾಸಿಟಿನ್ನನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲವೆಂದು ಆಜ್ಞೆ ಹೊರಡಿಸಿತ್ತು.

ಆಸ್ಟ್ರೇಲಿಯಾದಲ್ಲಿ ಇದೇ ಕತೆ ಅಡುಗೆಮನೆಯಲ್ಲಿ ನಡೆಯಿತು. ಆಸ್ಪಿರಿನ್, ಫಿನಾಸಿಟಿನ್, ಕೆಫೀನ್ ಬೆರೆಸಿದ ಪುಡಿಗಳನ್ನು ಗೃಹಿಣಿಯರು ಚಹಾದ ಜೊತೆ ದಿನವೂ ಸೇವಿಸುತ್ತಿದ್ದರು. ಮೆಲ್ಬರ್ನ್‌ನ ವೈದ್ಯೆ ಪ್ರಿಸಿಲ್ಲಾ ಕಿನ್‌ಕೇಡ್ ಸ್ಮಿತ್ ವರ್ಷಗಟ್ಟಲೆ ಎಚ್ಚರಿಸಿದರು. 1979ರಲ್ಲಿ ಇಂಥ ಮಿಶ್ರಣಗಳ ಮುಕ್ತ ಮಾರಾಟಕ್ಕೆ ತಡೆ ಬಿತ್ತು. ಆಮೇಲೆ ಅಲ್ಲಿ ಈ ಕಾರಣಕ್ಕಾಗಿ ಡಯಾಲಿಸಿಸ್‌ಗೆ ಬರುವವರ ಸಂಖ್ಯೆ ಇಳಿಯುತ್ತಾ ಹೋಯಿತು. ಎ.ಪಿ.ಸಿ. ಎಂಬ ಹೆಸರಿನಲ್ಲಿ ಭಾರತದ ಹಿರಿಯರೂ ನುಂಗಿದ್ದ ಮಾತ್ರೆ ಇದೇ ಮೂರರ ಮಿಶ್ರಣ. ಭಾರತ 1983ರಲ್ಲಿ ಫಿನಾಸಿಟಿನ್ನನ್ನು ನಿಷೇಧಿಸಿತು.

ಒಳಬರುವ ದಾರಿ, ಹೊರಹೋಗುವ ದಾರಿ

ಫಿನಾಸಿಟಿನ್ ಹೋಯಿತು, ಸರಿ. ಈಗಿನ ನೋವಿನ ಮಾತ್ರೆಗಳು? ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್, ಐಬುಪ್ರೊಫೆನ್, ನ್ಯಾಪ್ರೊಕ್ಸೆನ್, ಮೆಫೆನಾಮಿಕ್ ಆಮ್ಲ: ಇವೆಲ್ಲ ಒಂದೇ ಮನೆತನದವು. ಇವು ಕೆಲಸ ಮಾಡುವ ರೀತಿಯನ್ನು ಜಾನ್ ವೇನ್ ಎಂಬ ಬ್ರಿಟಿಷ್ ವಿಜ್ಞಾನಿ 1971ರಲ್ಲಿ ಆಸ್ಪಿರಿನ್ ಮೂಲಕ ತೋರಿಸಿಕೊಟ್ಟ. 1982ರ ನೊಬೆಲ್ ಪ್ರಶಸ್ತಿಯಲ್ಲಿ ಅವನಿಗೂ ಪಾಲು ದೊರೆಯಿತು. ದೇಹದಲ್ಲಿ ಪ್ರೊಸ್ಟಗ್ಲಾಂಡಿನ್ ಎಂಬ ವಸ್ತುಗಳಿವೆ. ಪೆಟ್ಟು ಬಿದ್ದ ಕಡೆ ನೋವು, ಊತ ಹುಟ್ಟಿಸುವುದರಲ್ಲಿ ಇವುಗಳ ಪಾತ್ರ ದೊಡ್ಡದು. ಮಾತ್ರೆ ಇವುಗಳ ತಯಾರಿಕೆಯನ್ನು ತಡೆಯುತ್ತದೆ, ನೋವು ಇಳಿಯುತ್ತದೆ.

ತೊಡಕು ಇರುವುದು ಇಲ್ಲೇ. ಇದೇ ಪ್ರೊಸ್ಟಗ್ಲಾಂಡಿನ್ ಮೂತ್ರಪಿಂಡದಲ್ಲಿ ಒಳ್ಳೆಯ ಕೆಲಸವೊಂದನ್ನು ಮಾಡುತ್ತಿರುತ್ತದೆ. ನೆಫ್ರಾನಿನ ಜರಡಿಗೆ ರಕ್ತ ಒಳಬರುವ ಒಂದು ಸಣ್ಣ ನಾಳ, ಹೊರಹೋಗುವ ಇನ್ನೊಂದು ನಾಳ ಇವೆ. ದೇಹದಲ್ಲಿ ನೀರು ಕಡಿಮೆಯಾದಾಗ ಒಳಬರುವ ನಾಳ ಮುಚ್ಚಿಕೊಳ್ಳದಂತೆ ಹಿಡಿದಿಡುವುದು ಪ್ರೊಸ್ಟಗ್ಲಾಂಡಿನ್. ನೋವಿನ ಮಾತ್ರೆ ಅದನ್ನು ಕಿತ್ತುಕೊಂಡರೆ ಒಳದಾರಿ ಕಿರಿದಾಗುತ್ತದೆ, ಜರಡಿಗೆ ರಕ್ತ ಸಾಲದೆ ಹೋಗುತ್ತದೆ.

ಆರೋಗ್ಯವಂತ ವಿದ್ಯಾರ್ಥಿ ಹಲ್ಲುನೋವಿಗೋ, ವಿದ್ಯಾರ್ಥಿನಿ ಮುಟ್ಟಿನ ಹೊಟ್ಟೆನೋವಿಗೋ, ವೈದ್ಯರು ಹೇಳಿದಂತೆ ಎರಡು ಮೂರು ದಿನ ಊಟದ ನಂತರ ತೆಗೆದುಕೊಂಡರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಆದರೆ ವಾಂತಿ ಭೇದಿಯಾಗಿ ನೀರಿನಂಶ ಇಳಿದಾಗ, ಜ್ವರದಲ್ಲಿ ಊಟ ನೀರು ಬಿಟ್ಟಾಗ, ಬಿಸಿಲಿನಲ್ಲಿ ಆಡಿ ಬೆವರು ಸುರಿಸಿ ಬಂದಾಗ ಇದೇ ಮಾತ್ರೆ ಮುನಿಯಬಹುದು. ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದ್ರೋಗ ಇರುವವರಲ್ಲಿ, ಮೂತ್ರಪಿಂಡ ಈಗಾಗಲೇ ಸವೆದವರಲ್ಲಿ ಅಪಾಯ ಹೆಚ್ಚು. ಇಂಥವರ ನೋವಿಗೆ ವೈದ್ಯರು ಮಿತಿಯರಿತು ಕೊಡುವ ಪ್ಯಾರಾಸಿಟಮಾಲ್ ಮೂತ್ರಪಿಂಡದ ದೃಷ್ಟಿಯಿಂದ ಮೇಲು. ಮಿತಿ ಮೀರಿದರೆ ಅದೂ ಯಕೃತ್ತನ್ನು ಕೆಡಿಸುತ್ತದೆ ಎಂಬುದನ್ನು ಮರೆಯಬಾರದು.

ರಾಮನಗರದ ರಣಹದ್ದು ಕಲಿಸಿದ ಪಾಠ

ಈ ಮನೆತನದ ಒಂದು ಔಷಧ ಮೂತ್ರಪಿಂಡವನ್ನು ಏನು ಮಾಡಬಲ್ಲದು ಎಂಬುದಕ್ಕೆ ಕರುಣಾಜನಕ ಸಾಕ್ಷಿ ಆಕಾಶದಲ್ಲಿ ಸಿಕ್ಕಿತು. 1990ರ ದಶಕದಲ್ಲಿ ಭಾರತ, ಪಾಕಿಸ್ತಾನ, ನೇಪಾಳಗಳಲ್ಲಿ ರಣಹದ್ದುಗಳು ಸಾಯತೊಡಗಿದವು. ಬಿಳಿಬೆನ್ನಿನ ರಣಹದ್ದಿನ ಸಂಖ್ಯೆ ಭಾರತದಲ್ಲಿ ಹದಿನೈದು ವರ್ಷಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತಕ್ಕೂ ಮೀರಿ ಕುಸಿಯಿತು. ವಿಷವೋ, ರೋಗಾಣುವೋ ತಿಳಿಯಲಿಲ್ಲ. ಪಾಕಿಸ್ತಾನದಲ್ಲಿ ಸತ್ತ ಹಕ್ಕಿಗಳನ್ನು ಪರೀಕ್ಷಿಸಿದ ಲಿಂಡ್ಸೆ ಓಕ್ಸ್ ಮತ್ತು ಸಂಗಡಿಗರು 2004ರಲ್ಲಿ ಉತ್ತರ ಹೇಳಿದರು. ದನಗಳ ನೋವಿಗೆ ಡೈಕ್ಲೊಫೆನಾಕ್ ಕೊಡುತ್ತಿದ್ದರು. ಆ ದನ ಸತ್ತರೆ ಅದರ ಮಾಂಸ ತಿಂದ ಹದ್ದಿನ ಮೂತ್ರಪಿಂಡ ನಿಂತುಹೋಗುತ್ತಿತ್ತು. ಹೊರಹೋಗಬೇಕಾದ ಯೂರಿಕ್ ಆಮ್ಲ ಒಳಗಿನ ಅಂಗಾಂಗಗಳ ಮೇಲೆ ಸುಣ್ಣ ಬಳಿದಂತೆ ಕೂತು, ಕೆಲವೇ ದಿನಗಳಲ್ಲಿ ಹಕ್ಕಿ ಸಾಯುತ್ತಿತ್ತು.

2006ರಲ್ಲಿ ಪಶುಗಳಿಗೆ ಈ ಔಷಧ ಕೊಡುವುದನ್ನು ಭಾರತ ನಿಷೇಧಿಸಿತು. ಮನುಷ್ಯರಿಗೆಂದು ತಯಾರಾದ ದೊಡ್ಡ ಸೀಸೆಗಳು ದನದ ಕೊಟ್ಟಿಗೆ ಸೇರುತ್ತಿದ್ದುದರಿಂದ, 2015ರಲ್ಲಿ ಚುಚ್ಚುಮದ್ದಿನ ಸೀಸೆಯನ್ನು ಒಂದು ಸಲಕ್ಕೆ ಸಾಕಾಗುವ 3 ಮಿಲಿಲೀಟರಿಗೆ ಇಳಿಸಲಾಯಿತು. ಕರ್ನಾಟಕದಲ್ಲಿ ಉಳಿದ ಉದ್ದಕೊಕ್ಕಿನ ರಣಹದ್ದುಗಳ ರಕ್ಷಣೆಗಾಗಿ ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮವೆಂದು ಘೋಷಿಸಲಾಯಿತು.

ಮನುಷ್ಯನ ಮೂತ್ರಪಿಂಡ ಹದ್ದಿನದರಷ್ಟು ನಾಜೂಕಲ್ಲ. ಒಂದು ಮಾತ್ರೆಗೆ ಯಾರೂ ಸಾಯುವುದಿಲ್ಲ. ಆದರೆ ಹದ್ದು ತಿಳಿಯದೆ ತಿಂದಿತು. ಮನುಷ್ಯ ಪಟ್ಟಿಯ ಮೇಲೆ ಬರೆದ ಹೆಸರನ್ನು ಓದಬಲ್ಲ.

ಹಾವಿನ ವಿಷದಿಂದ ಬಂದ ಅಭಯ

ಇನ್ನು ತಂದೆ ಡಬ್ಬಿಗೆ ಹಾಕಿದ ಮಾತ್ರೆಯ ವಿಷಯ. ಡಯಾಲಿಸಿಸ್ ಯಂತ್ರದ ಮುಂದೆ ಕೂರುವವರನ್ನು ಅಲ್ಲಿಗೆ ತಂದ ಕಾರಣಗಳಲ್ಲಿ ಮುಂಚೂಣಿಯಲ್ಲಿರುವುದು ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ. ಹತೋಟಿ ತಪ್ಪಿದ ಒತ್ತಡ ಜರಡಿಯ ನವಿರಾದ ಪೊರೆಯನ್ನು ಹಗಲಿರುಳೂ ಬಡಿಯುತ್ತದೆ. ಕೆರೆಯ ತೂಬಿನ ಮೇಲೆ ನೀರಿನ ಒತ್ತಡ ಹೆಚ್ಚಿದರೆ ಏನಾಗುತ್ತದೆಂದು ರೈತರ ಮಕ್ಕಳಿಗೆ ಹೇಳಬೇಕಾಗಿಲ್ಲ.

ಬ್ರೆಜಿಲಿನಲ್ಲಿ ಜರರಾಕಾ ಎಂಬ ಮಂಡಲದ ಹಾವಿದೆ. ಅದು ಕಚ್ಚಿದರೆ ರಕ್ತದೊತ್ತಡ ಕುಸಿಯುತ್ತದೆ. ಅದರ ವಿಷದಲ್ಲಿರುವ ಒಂದು ಅಂಶವನ್ನು ಸೆರ್ಜಿಯೊ ಫೆರೇರಾ ಎಂಬ ಬ್ರೆಜಿಲಿನ ವಿಜ್ಞಾನಿ 1960ರ ದಶಕದಲ್ಲಿ ಗುರುತಿಸಿ, ಜಾನ್ ವೇನ್‌ನ ಲಂಡನ್ ಪ್ರಯೋಗಾಲಯಕ್ಕೆ ಕೊಂಡೊಯ್ದ. ಆ ಸುಳಿವು ಹಿಡಿದು ಅಮೆರಿಕದ ಕುಶ್ಮನ್ ಮತ್ತು ಒಂಡೆಟ್ಟಿ 1975ರಲ್ಲಿ ಕ್ಯಾಪ್ಟೊಪ್ರಿಲ್ ಎಂಬ ಔಷಧ ರೂಪಿಸಿದರು. ಎನಲಾಪ್ರಿಲ್, ರಾಮಿಪ್ರಿಲ್ ಇದರ ತಮ್ಮಂದಿರು. ಲೊಸಾರ್ಟಾನ್, ಟೆಲ್ಮಿಸಾರ್ಟಾನ್ ದಾಯಾದಿಗಳು. ನೋವಿನ ಮಾತ್ರೆ ಒಳದಾರಿಯನ್ನು ಕಿರಿದುಗೊಳಿಸಿದರೆ, ಇವು ಹೊರದಾರಿಯನ್ನು ಸಡಿಲಿಸುತ್ತವೆ. ಜರಡಿಯ ಮೇಲಿನ ಒತ್ತಡ ತಗ್ಗುತ್ತದೆ. ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡಕ್ಕೆ ಪೆಟ್ಟಾಗಿದ್ದ 409 ಮಂದಿಯ ಮೇಲೆ ನಡೆದು 1993ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಕ್ಯಾಪ್ಟೊಪ್ರಿಲ್ ಪಡೆದವರಲ್ಲಿ ಮೂತ್ರಪಿಂಡ ಕೆಡುವ ಅಪಾಯ ಸುಮಾರು ಅರ್ಧಕ್ಕೆ ಇಳಿದಿತ್ತು.

ಹಾಗಾದರೆ "ಕಿಡ್ನಿ ಹೋಗುತ್ತದೆ" ಎಂಬ ಮಾತು ಎಲ್ಲಿಂದ ಬಂತು? ಅದಕ್ಕೂ ಎಳೆಗಳಿವೆ. ಈ ಮಾತ್ರೆ ಆರಂಭಿಸಿದ ಮೊದಲ ವಾರಗಳಲ್ಲಿ ರಕ್ತದ ಕ್ರಿಯಾಟಿನಿನ್ ಸ್ವಲ್ಪ ಏರಬಹುದು. ಜರಡಿಯ ಮೇಲಿನ ಒತ್ತಡ ಇಳಿದುದರ ಗುರುತು ಅದು. ವೈದ್ಯರು ಅದನ್ನು ನಿರೀಕ್ಷಿಸಿಯೇ ಮರುಪರೀಕ್ಷೆಗೆ ಕರೆಯುತ್ತಾರೆ. ಏರಿಕೆ ಮಿತಿ ಮೀರಿದರೆ ಮಾತ್ರೆ ಬದಲಿಸುತ್ತಾರೆ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆಯದೂ ಇಂಥದೇ ಕತೆ. ಅದು ಮೂತ್ರಪಿಂಡವನ್ನು ಕೆಡಿಸುವುದಿಲ್ಲ. ಆದರೆ ದೇಹದಿಂದ ಹೊರಹೋಗುವುದು ಮೂತ್ರಪಿಂಡದ ಮೂಲಕವೇ ಆದ್ದರಿಂದ, ಮೂತ್ರಪಿಂಡ ಸೋತವರಿಗೆ ವೈದ್ಯರು ಅದನ್ನು ಕಡಿಮೆ ಮಾಡುತ್ತಾರೆ ಅಥವಾ ನಿಲ್ಲಿಸುತ್ತಾರೆ. ನೋಡಿದವರು "ಮಾತ್ರೆಯಿಂದಲೇ ಕಿಡ್ನಿ ಹೋಯಿತು, ಅದಕ್ಕೇ ನಿಲ್ಲಿಸಿದರು" ಎಂದು ತಿರುಗಿಸಿ ಹೇಳುತ್ತಾರೆ. ಕಾರ್ಯವನ್ನೇ ಕಾರಣವೆಂದು ಬಗೆಯುವ ತಪ್ಪು ಇದು.

ಒಂದು ಎಚ್ಚರಿಕೆ ಮಾತ್ರ ನಿಜವಾಗಿಯೂ ಬೇಕು. ಹೊರದಾರಿ ಸಡಿಲಿಸುವ ಬಿ.ಪಿ. ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ, ಒಳದಾರಿ ಕಿರಿದುಗೊಳಿಸುವ ನೋವಿನ ಮಾತ್ರೆ, ಈ ಮೂರೂ ಒಟ್ಟಿಗೆ ಸೇರಿದರೆ ಜರಡಿಗೆ ರಕ್ತದ ಒತ್ತಡವೇ ಸಾಲದೆ ಮೂತ್ರಪಿಂಡ ದಿಢೀರನೆ ನಿಲ್ಲಬಹುದು. ಆಗ ಬಿಡಬೇಕಾದದ್ದು ಮೊದಲು ನೋವಿನ ಮಾತ್ರೆ. ತೀವ್ರ ವಾಂತಿ ಭೇದಿ ಆದ ದಿನ ಬಿ.ಪಿ. ಮಾತ್ರೆಯನ್ನು ಏನು ಮಾಡಬೇಕೆಂದು ವೈದ್ಯರನ್ನು ಮೊದಲೇ ಕೇಳಿಟ್ಟುಕೊಳ್ಳುವುದು ಜಾಣತನ. ಗರ್ಭಿಣಿಯರಿಗೆ ಈ ಗುಂಪಿನ ಬಿ.ಪಿ. ಮಾತ್ರೆ ಕೂಡದು.

ಗಿಡಮೂಲಿಕೆ ಎಂದರೆ ನಿರಪಾಯವೇ?

ಇಂಗ್ಲಿಷ್ ಔಷಧ ಬಿಟ್ಟು ಬೇರು ನಾರು ಹಿಡಿದರೆ ಮೂತ್ರಪಿಂಡ ಉಳಿಯುತ್ತದೆ ಎಂದು ನಂಬುವವರೂ ಉಂಟು. ಬೆಲ್ಜಿಯಂ ದೇಶದ ಬ್ರಸೆಲ್ಸ್‌ನಲ್ಲಿ 1990ರ ದಶಕದ ಆರಂಭದಲ್ಲಿ ತೂಕ ಇಳಿಸಿಕೊಳ್ಳಲು ಚೀನಾ ಮೂಲಿಕೆ ಸೇವಿಸಿದ ಅನೇಕ ಮಹಿಳೆಯರ ಮೂತ್ರಪಿಂಡಗಳು ವೇಗವಾಗಿ ಹಾಳಾದವು. ಒಂದು ಮೂಲಿಕೆಯ ಬದಲು ಅರಿಸ್ಟೊಲೋಕಿಯಾ ಜಾತಿಯ ಬೇರೊಂದು ಗಿಡ ಸೇರಿಹೋಗಿತ್ತು. ಅದರಲ್ಲಿರುವ ಆಮ್ಲ ಮೂತ್ರಪಿಂಡವನ್ನು ಕೆಡಿಸುವುದಲ್ಲದೆ ಕ್ಯಾನ್ಸರನ್ನೂ ತರಬಲ್ಲದು. ಕರ್ನಾಟಕದ ಬೇಲಿಗಳಲ್ಲಿ ಕಾಣುವ ಈಶ್ವರಿ ಬಳ್ಳಿ ಇದೇ ಕುಟುಂಬದ್ದು. ಗಿಡದಿಂದ ಬಂದದ್ದೆಲ್ಲ ಸಾಧುವಲ್ಲ. ಹೆಸರು ತಿಳಿಯದ ಪುಡಿ, ಲೇಹ್ಯ ಸೇವಿಸುತ್ತಿದ್ದರೆ ಅದನ್ನೂ ವೈದ್ಯರಿಗೆ ಮುಚ್ಚಿಡದೆ ಹೇಳಬೇಕು.

ಹೆದರಿಕೆಗೆ ಮದ್ದು: ಎರಡು ಪರೀಕ್ಷೆ

ಮೂತ್ರಪಿಂಡ ಹೇಗಿದೆ ಎಂದು ಊಹಿಸುತ್ತ ಕೂರಬೇಕಾಗಿಲ್ಲ. ಎರಡು ಸರಳ ಪರೀಕ್ಷೆಗಳಿವೆ. ಮೊದಲನೆಯದು ರಕ್ತದ ಕ್ರಿಯಾಟಿನಿನ್. ಇದು ಸ್ನಾಯುಗಳಿಂದ ಬರುವ ಕಸ. ಆದ್ದರಿಂದ ಅಂಕಿಯೊಂದನ್ನೇ ನೋಡಿ ತೀರ್ಮಾನಿಸಬಾರದು. 1.2 ಎಂಬುದು ಕಟ್ಟುಮಸ್ತಾದ ಇಪ್ಪತ್ತರ ಹುಡುಗನಿಗೆ ಸಹಜವಿರಬಹುದು; ಅರವತ್ತೈದರ ತೆಳ್ಳನೆಯ ಅಜ್ಜಿಗೆ ಅದೇ 1.2 ಎಂದರೆ ಅರ್ಧದಷ್ಟು ಶಕ್ತಿ ಹೋಗಿರಬಹುದು. ಅದಕ್ಕೇ ವಯಸ್ಸು, ಲಿಂಗ ಸೇರಿಸಿ ಲೆಕ್ಕ ಹಾಕಿದ ಸೋಸುವಿಕೆಯ ಪ್ರಮಾಣವನ್ನು ವರದಿಯಲ್ಲಿ ಇ.ಜಿ.ಎಫ್.ಆರ್. ಎಂದು ಬರೆದಿರುತ್ತಾರೆ. ಅದು ಮೂರು ತಿಂಗಳಿಗೂ ಮೀರಿ 60ಕ್ಕಿಂತ ಕೆಳಗಿದ್ದರೆ ದೀರ್ಘಕಾಲದ ಮೂತ್ರಪಿಂಡ ಕಾಯಿಲೆ ಎಂದು ಅರ್ಥ. ಎರಡನೆಯದು ಮೂತ್ರದ ಆಲ್ಬುಮಿನ್. ಜರಡಿ ಸೋರತೊಡಗಿದ್ದನ್ನು ಇದು ಕ್ರಿಯಾಟಿನಿನ್ ಏರುವುದಕ್ಕೂ ಎಷ್ಟೋ ಮುಂಚೆ ತಿಳಿಸಬಲ್ಲದು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರೂ ಯಾವುದೇ ಕಾರಣಕ್ಕೆ ನೋವಿನ ಮಾತ್ರೆಯನ್ನು ಬಹುಕಾಲ ಸೇವಿಸಬೇಕಾದವರೂ ವರ್ಷಕ್ಕೊಮ್ಮೆಯಾದರೂ ಇವೆರಡನ್ನು ಮಾಡಿಸಬೇಕು.

ಮನೋರೋಗಕ್ಕೆ ಲಿಥಿಯಂ ಸೇವಿಸುವವರಿಗಂತೂ ಈ ಪರೀಕ್ಷೆ ತಪ್ಪಿಸುವಂತಿಲ್ಲ. ವರ್ಷಗಳು ಕಳೆದಂತೆ ಅದು ಮೂತ್ರಪಿಂಡದ ಮೇಲೆ ಪರಿಣಾಮ ಬೀರಬಲ್ಲದು. ಹಾಗೆಂದು ಭಯದಿಂದ ತಾವಾಗಿಯೇ ನಿಲ್ಲಿಸಿದರೆ ಕಾಯಿಲೆ ಮರುಕಳಿಸಿ ಜೀವಕ್ಕೇ ಸಂಚಕಾರ ಬರಬಹುದು. ಪರೀಕ್ಷಿಸುತ್ತಾ ಮುಂದುವರಿಸುವುದು, ಬೇಕಾದಾಗ ವೈದ್ಯರೇ ಬದಲಿಸುವುದು ಸರಿಯಾದ ದಾರಿ. ವರ್ಷಗಟ್ಟಲೆ "ಗ್ಯಾಸ್ ಮಾತ್ರೆ" ನುಂಗುವವರೂ ಅದು ಇನ್ನೂ ಬೇಕೇ ಎಂದು ಒಮ್ಮೆ ವೈದ್ಯರನ್ನು ಕೇಳುವುದು ಲೇಸು. ಅಪರೂಪಕ್ಕೆ ಅದೂ ಮೂತ್ರಪಿಂಡದಲ್ಲಿ ಉರಿಯೂತ ತಂದದ್ದುಂಟು.

ಡಬ್ಬಿಯನ್ನು ಒಮ್ಮೆ ಬರಿದು ಮಾಡಿ

ಮೊದಲು ನೋಡಿದ ಮನೆಗೇ ಮರಳೋಣ. ಅಲ್ಲಿ ಓದು ಬಲ್ಲ ಮಗಳಿದ್ದಾಳೆ. ಒಂದು ಭಾನುವಾರ ಅವಳು ಮಾತ್ರೆಯ ಡಬ್ಬಿಯನ್ನು ಮೇಜಿನ ಮೇಲೆ ಸುರಿದು, ಪಟ್ಟಿಗಳ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿರುವ ಔಷಧದ ಮೂಲ ಹೆಸರನ್ನು ಒಂದು ಹಾಳೆಯಲ್ಲಿ ಬರೆಯಬಹುದು. ಕೆಂಪು ಗೆರೆಯಿರುವ ಪಟ್ಟಿ ವೈದ್ಯರ ಚೀಟಿಯಿಲ್ಲದೆ ಕೊಳ್ಳತಕ್ಕದ್ದಲ್ಲ ಎಂದು ತಾಯಿಗೆ ತೋರಿಸಬಹುದು. ಅಂಗಡಿಯ ಬೇರೆ ಬೇರೆ ಹೆಸರಿನ ಎರಡು ಪಟ್ಟಿಗಳಲ್ಲಿ ಒಂದೇ ಔಷಧ ಇರುವುದೂ ಆಗ ಗೊತ್ತಾದೀತು. ಯಾವುದನ್ನು, ಯಾರು, ಎಷ್ಟು ದಿನಕ್ಕೆ ಹೇಳಿದ್ದರು, ಎಷ್ಟು ದಿನದಿಂದ ನಡೆದಿದೆ ಎಂದು ಹೆಸರಿನ ಮುಂದೆ ಬರೆದರೆ ಹಾಳೆ ತುಂಬುತ್ತದೆ.

ಆ ಹಾಳೆಯನ್ನು ಹಿಡಿದು ತಂದೆ ತಾಯಿ ಇಬ್ಬರೂ ವೈದ್ಯರ ಬಳಿಗೆ ಹೋಗಬೇಕು. ತಾಯಿ ಕೇಳಬೇಕಾದ ಪ್ರಶ್ನೆ: "ಮಂಡಿನೋವಿಗೆ ಈ ಮಾತ್ರೆ ಬಿಟ್ಟು ಬೇರೇನು ಮಾಡಬಹುದು?" ವ್ಯಾಯಾಮ, ತೂಕ ಇಳಿಸುವುದು, ನೋವಿರುವ ಕಡೆ ಹಚ್ಚುವ ಮುಲಾಮು, ಹೀಗೆ ಉತ್ತರಗಳು ಹಲವಿವೆ. ತಂದೆ ಕೇಳಬೇಕಾದದ್ದು: "ನನ್ನ ಕ್ರಿಯಾಟಿನಿನ್, ಆಲ್ಬುಮಿನ್ ಎಷ್ಟಿವೆ? ಮತ್ತೆ ಯಾವಾಗ ನೋಡಬೇಕು?" ಡಯಾಲಿಸಿಸ್ ಎಂದರೆ ಸಾಮಾನ್ಯವಾಗಿ ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ. ಅದಕ್ಕೆ ಹೋಲಿಸಿದರೆ ಈ ಪ್ರಶ್ನೆ ಕೇಳಲು ಬೇಕಾದ ಸಮಯ ಏನೂ ಅಲ್ಲ. ಉತ್ತರ ಸಿಗುವವರೆಗೆ ಬಿ.ಪಿ. ಮಾತ್ರೆ ಡಬ್ಬಿಯಲ್ಲಿ ಉಳಿಯದಿರಲಿ. ತಿಂಡಿಯ ಜೊತೆ, ಬರೆದುಕೊಟ್ಟ ಹೊತ್ತಿಗೆ, ಒಳಗೆ ಹೋಗಲಿ.